ಚಿಲ್‌ವೇವ್ ಇಷ್ಟ, ಆದರೆ ಸಿಗುವುದೆಲ್ಲ ಅದೇ ನಾಲ್ಕು ಹೆಸರು. ಹೊಸಬರನ್ನು ನೀವು ಎಲ್ಲಿಂದ ಹುಡುಕುತ್ತೀರಿ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ನನ್ನದು ರಾತ್ರಿ ಕೆಲಸ. ಕಿವಿಯಲ್ಲಿ ಹೆಡ್‌ಫೋನ್ ಇಲ್ಲದಿದ್ದರೆ ಹೊತ್ತು ಸರಿಯುವುದಿಲ್ಲ. ಎರಡು ವರ್ಷದ ಹಿಂದೆ ಯಾವುದೋ ಮಿಕ್ಸ್‌ನಲ್ಲಿ ಒಂದು ಚಿಲ್‌ವೇವ್ ಹಾಡು ಕೇಳಿದೆ. ಮಬ್ಬು ಮಬ್ಬಾದ ಸಿಂಥ್ (ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ), ಗೋಡೆಯಾಚೆಯಿಂದ ಬಂದಂಥ ದನಿ, ಹಳೇ ಟೇಪ್ ಓಡುವಾಗ ಆಗುವಂತೆ ಸ್ವಲ್ಪ ತೇಲಾಡುವ ಶ್ರುತಿ. ಅವತ್ತಿನಿಂದ ಅದೇ ಗುಂಗು.

ಈಗ ತೊಂದರೆ ಏನೆಂದರೆ, ನನ್ನ ಆ್ಯಪ್ ಗಾಣದ ಎತ್ತಿನ ಹಾಗೆ ಒಂದೇ ಕಡೆ ಸುತ್ತುತ್ತಿದೆ. ವಾಷ್ಡ್ ಔಟ್ ಹಾಕಿದರೆ ಟೊರೊ ಇ ಮ್ವಾ ಬರುತ್ತದೆ. ಅದಾದ ಮೇಲೆ ನಿಯಾನ್ ಇಂಡಿಯನ್. ಅಲ್ಲಿಂದ ಟೈಕೋ. ಟೈಕೋ ಮುಗಿದರೆ ಮತ್ತೆ ವಾಷ್ಡ್ ಔಟ್. ಎಲ್ಲರೂ ನನಗೆ ಇಷ್ಟವೇ. ಆದರೆ ಈ ನಾಲ್ಕು ಹೆಸರು ಬಿಟ್ಟರೆ ಜಗತ್ತಿನಲ್ಲಿ ಇಂಥ ಸಂಗೀತ ಮಾಡುವವರೇ ಇಲ್ಲವಾ? ಖಂಡಿತ ಇದ್ದಾರೆ. ಮಲಗುವ ಕೋಣೆಯಲ್ಲಿ ಕೂತು ಮಾಡಿ, ಇನ್ನೂರು ಜನ ಕೇಳಿ, ಅಲ್ಲಿಗೇ ನಿಂತುಹೋದ ಹಾಡುಗಳು ಎಷ್ಟಿವೆಯೋ. ನನಗೆ ಬೇಕಾಗಿರುವುದು ಅವು.

ಹೆಸರುಗಳ ಪಟ್ಟಿ ಕೇಳುತ್ತಿಲ್ಲ. ಪಟ್ಟಿ ಮುಗಿದ ದಿನ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೇನೆ. ನೀವು ಹುಡುಕುವ ದಾರಿ ಹೇಳಿ.

ಬೇಸ್‌ಮಾತ್ರ

ಕಲಾವಿದರು ತಮ್ಮ ಹಾಡು ತಾವೇ ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಚಿಲ್‌ವೇವ್ ಟ್ಯಾಗ್ ಒತ್ತಿ. ಹೊಸದು ಮೇಲೆ ಬರುವಂತೆ ಜೋಡಿಸಿಕೊಳ್ಳಿ. ಕೇಳುತ್ತಾ ಹೋಗಿ. ಅಷ್ಟೇ.

ರಾತ್ರಿಪಾಳಿ

ಅದನ್ನು ಮಾಡಿ ಆಯಿತು. ಒಂದು ರಜೆ ದಿನ ಪೂರ್ತಿ ಕೂತು ನಲವತ್ತು ಆಲ್ಬಂ ತೆರೆದು ನೋಡಿದೆ. ಹಿಡಿಸಿದ್ದು ಮೂರು. ಅರ್ಧಕ್ಕರ್ಧ ಚಿಲ್‌ವೇವೇ ಅಲ್ಲ. ಒಂದಂತೂ ಶುದ್ಧ ಮೆಟಲ್.

ಹಳೇಕ್ಯಾಸೆಟ್

ನಲವತ್ತಕ್ಕೆ ಮೂರು ಅಂದರೆ ಒಳ್ಳೇ ಫಸಲು. ಬೇಜಾರು ಮಾಡಿಕೊಳ್ಳಬೇಡಿ.

ಟ್ಯಾಗ್ ಹಾಕುವವರು ಕಲಾವಿದರೇ. ಯಾರಾದರೂ ನೋಡಲಿ ಎಂದು ಸಿಕ್ಕ ಟ್ಯಾಗನ್ನೆಲ್ಲ ಅಂಟಿಸುತ್ತಾರೆ. ಅದನ್ನೇ ನಂಬಿ ಕೂತರೆ ಹೀಗೇ ಆಗುವುದು. ನಾನು ಮಾಡುವುದು ಬೇರೆ. ಆ ಮೂರು ಆಲ್ಬಂ ಹಿಡಿಸಿದವು ಅಂದಿರಲ್ಲ, ಅವುಗಳ ಪುಟಕ್ಕೆ ವಾಪಸ್ ಹೋಗಿ. ಆಲ್ಬಂ ಕೊಂಡವರ ಪುಟ್ಟ ಪುಟ್ಟ ಚಿತ್ರಗಳು ಅಲ್ಲಿ ಸಾಲಾಗಿ ಇರುತ್ತವೆ. ಒಂದನ್ನು ಒತ್ತಿದರೆ ಆ ವ್ಯಕ್ತಿ ಕೊಂಡ ಎಲ್ಲ ಆಲ್ಬಂ ತೆರೆದುಕೊಳ್ಳುತ್ತದೆ. ಅವರು ತಮ್ಮ ಕೈಯಿಂದ ಹಣ ಕೊಟ್ಟು ತೆಗೆದುಕೊಂಡದ್ದು. ಸುಮ್ನೆ ಓಡಿಸಿ ಬಿಟ್ಟದ್ದಲ್ಲ.

ಎರಡು ಮೂರು ಆಲ್ಬಂನಲ್ಲಿ ಒಂದೇ ವ್ಯಕ್ತಿ ಕಾಣಿಸಿದರೆ ಅವರನ್ನು ಬಿಡಲೇಬೇಡಿ. ನಿಮ್ಮ ಕಿವಿಯಂಥದ್ದೇ ಇನ್ನೊಂದು ಕಿವಿ ಸಿಕ್ಕಿತು ಅಂತ ಅರ್ಥ. ನನಗೆ ಹಾಗೆ ಸಿಕ್ಕ ಒಬ್ಬರನ್ನು ಆರು ವರ್ಷದಿಂದ ಹಿಂಬಾಲಿಸುತ್ತಿದ್ದೇನೆ. ಒಂದು ಮಾತೂ ಆಡಿಲ್ಲ. ಆದರೆ ನನ್ನ ಸಂಗ್ರಹದಲ್ಲಿ ಕಾಲು ಭಾಗ ಅವರ ಪುಣ್ಯ.

ನೀಲಿಗುಬ್ಬಿ

ಇದು ನಿಜಕ್ಕೂ ಕೆಲಸ ಮಾಡುತ್ತದೆ! ನಾನು ಇದರ ಜೊತೆ ಇನ್ನೊಂದು ನೋಡುತ್ತೇನೆ. ಕೆಲವರು ಕೊಂಡ ಮೇಲೆ ಒಂದೆರಡು ಸಾಲು ಬರೆದಿರುತ್ತಾರೆ, ಯಾವ ಹಾಡು ಇಷ್ಟ ಎಂದು ಗುರುತು ಮಾಡಿರುತ್ತಾರೆ. ಮೊದಲ ಹಾಡು ಬಿಟ್ಟು ಆರನೇ ಹಾಡನ್ನು ಇಷ್ಟ ಎಂದವರು ಆಲ್ಬಂ ಪೂರ್ತಿ ಕೇಳಿದ್ದಾರೆ ಅಂತಲೇ ಲೆಕ್ಕ.

ಮೂರನೇಸಾಲು

ನನ್ನ ದಾರಿ ಲೇಬಲ್. ಹಾಡು ಹಿಡಿಸಿದರೆ ಕಲಾವಿದರ ಹೆಸರಿಗಿಂತ ಮೊದಲು ಅದನ್ನು ಹೊರತಂದವರು ಯಾರು ಎಂದು ನೋಡುತ್ತೇನೆ.

ಒಂದು ಉದಾಹರಣೆ ಹೇಳುತ್ತೇನೆ. ಟೊರೊ ಇ ಮ್ವಾ ಅವರ ಮೊದಲ ಆಲ್ಬಂ 2010ರಲ್ಲಿ ಕಾರ್‌ಪಾರ್ಕ್ ರೆಕಾರ್ಡ್ಸ್‌ನಿಂದ ಬಂತು. ಈ ಲೇಬಲ್ ಶುರುವಾದದ್ದು 1999ರಲ್ಲಿ. ಹಾಗಾದರೆ 2010ಕ್ಕೂ ಮುಂಚೆ ಹತ್ತು ವರ್ಷ ಈ ಲೇಬಲ್‌ನವರು ಏನು ಮಾಡುತ್ತಿದ್ದರು ಎಂದು ಹಿಂದಕ್ಕೆ ಹೋದೆ. 2002ರಲ್ಲಿ ಕ್ಯಾಸಿನೋ ವರ್ಸಸ್ ಜಪಾನ್ ಎಂಬ ಹೆಸರಿನಲ್ಲಿ ಒಬ್ಬರೇ ಕೂತು ಮಾಡಿದ ಒಂದು ಆಲ್ಬಂ ಸಿಕ್ಕಿತು. ಚಿಲ್‌ವೇವ್ ಎಂಬ ಮಾತು ಹುಟ್ಟುವುದಕ್ಕೆ ಏಳು ವರ್ಷ ಮುಂಚಿನದು. ಆದರೆ ಅದೇ ಮಬ್ಬು, ಅದೇ ತೇಲಾಟ, ಅದೇ ಮಧ್ಯಾಹ್ನದ ಬೆಳಕು. ಕೇಳಿ ಮೈ ಜುಮ್ಮೆಂದಿತು. ಅದನ್ನು ಯಾವ ಆ್ಯಪ್ ಕೂಡ ನನ್ನ ಮುಂದೆ ಇಟ್ಟಿರಲಿಲ್ಲ.

ಸಣ್ಣ ಲೇಬಲ್ ನಡೆಸುವವರು ಲಾಭಕ್ಕಾಗಿ ಮಾಡುವುದು ಕಡಿಮೆ. ಅವರ ಅಭಿರುಚಿಯೇ ಅವರ ಅಂಗಡಿ. ಒಂದು ಬಾಗಿಲು ತೆಗೆದರೆ ಹತ್ತು ಕೋಣೆ ಸಿಗುತ್ತವೆ.

ಸಿಂಥ್‌ಹುಚ್ಚು

ಕಾರ್‌ಪಾರ್ಕ್ ಈಗ ಸಣ್ಣದಲ್ಲ ಅಲ್ವಾ? ಬೀಚ್ ಹೌಸ್ ತಂಡದ ಮೊದಲ ಆಲ್ಬಂ ಕೂಡ ಅವರದೇ, 2006. ಘೋಸ್ಟ್ಲಿ ಇಂಟರ್‌ನ್ಯಾಷನಲ್ ಕೂಡ ಅಷ್ಟೇ. ಟೈಕೋ, ಕಾಮ್ ಟ್ರೂಯಿಸ್ ಎಲ್ಲ ಅಲ್ಲಿಂದ ಬಂದವರು. ಇವೆಲ್ಲ ಗೊತ್ತಿರುವ ಮನೆಗಳು. ಕೇಳಿದ್ದು ಗೊತ್ತಿಲ್ಲದವರನ್ನು.

ಮೂರನೇಸಾಲು

ಒಪ್ಪುತ್ತೇನೆ. ಆದರೆ ಗೊತ್ತಿರುವ ಮನೆಯ ಹಿತ್ತಿಲಲ್ಲೇ ಗೊತ್ತಿಲ್ಲದವರು ಇರುತ್ತಾರೆ. ಲೇಬಲ್ ಎಷ್ಟೇ ದೊಡ್ಡದಿರಲಿ, ಅದರ ಹಳೇ ಪಟ್ಟಿಯ ತಳಕ್ಕೆ ಹೋಗಿ ನೋಡಿ. ಆಲ್ಬಂಗಳ ದಾಖಲೆ ಇಡುವ ತಾಣ ಡಿಸ್ಕಾಗ್ಸ್‌ನಲ್ಲಿ ಲೇಬಲ್ ಪುಟ ತೆರೆದು ಹಳೆಯದರಿಂದ ಜೋಡಿಸಿದರೆ ಸಾಕು. ಅಂದಹಾಗೆ ಡಿಸ್ಕಾಗ್ಸ್ 2000ದಲ್ಲಿ ಶುರುವಾದಾಗ ಎಲೆಕ್ಟ್ರಾನಿಕ್ ಸಂಗೀತಕ್ಕೆ ಮಾತ್ರ ಮೀಸಲಾಗಿತ್ತು. ಹಾಗಾಗಿ ನಮ್ಮ ಬಗೆಯ ಸಂಗೀತದ ದಾಖಲೆ ಅಲ್ಲಿ ತುಂಬ ಗಟ್ಟಿ.

ತಂತಿಕಡ್ಡಿ

ಎಲ್ಲರೂ ಚಿಲ್‌ವೇವ್ ಚಿಲ್‌ವೇವ್ ಅನ್ನುತ್ತಿದ್ದೀರಿ. ಅದು ನಿಜವಾದ ಪ್ರಕಾರವೇ ಅಲ್ಲ. 2009ರಲ್ಲಿ ಹಿಪ್‌ಸ್ಟರ್ ರನ್‌ಆಫ್ ಎಂಬ ಬ್ಲಾಗ್‌ನವರು ತಮಾಷೆಗೆ ಇಟ್ಟ ಹೆಸರು. ಆ ಕಲಾವಿದರಿಗೇ ಆ ಹೆಸರು ಅಷ್ಟಾಗಿ ಬೇಕಿರಲಿಲ್ಲ. ಹೆಸರು ಹಿಡಿದು ಹುಡುಕಿದರೆ ಆ ಎರಡು ಬೇಸಿಗೆಯ ಸಂಗೀತ ಮಾತ್ರ ಸಿಗುತ್ತದೆ.

ಹಳೇಕ್ಯಾಸೆಟ್

ಹೆಸರು ತಮಾಷೆಗೆ ಹುಟ್ಟಿರಬಹುದು. ಆದರೆ ಆಗ ಏನೋ ಒಂದು ನಡೆಯುತ್ತಿದ್ದದ್ದು ಸುಳ್ಳಲ್ಲ. ವಾಷ್ಡ್ ಔಟ್ ಅಂದರೆ ಒಬ್ಬನೇ ಹುಡುಗ. ಗ್ರಂಥಾಲಯ ವಿಜ್ಞಾನ ಓದಿ ಮುಗಿಸಿ, ಜಾರ್ಜಿಯಾದ ಪೆರಿ ಎಂಬ ಊರಿನಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಕೂತು ಹಾಡು ಮಾಡುತ್ತಿದ್ದ. ಟೊರೊ ಇ ಮ್ವಾ ಪಕ್ಕದ ಸೌತ್ ಕೆರೊಲಿನಾದವರು, ಇಬ್ಬರೂ ಗೆಳೆಯರು. ಸ್ಟುಡಿಯೋ ಇಲ್ಲ, ತಂಡ ಇಲ್ಲ. ಲ್ಯಾಪ್‌ಟಾಪ್ ಮತ್ತು ಬ್ಲಾಗ್‌ಗಳು. ಮನೆಯಲ್ಲಿ ಮಾಡಿದ್ದು ನೇರ ಕೇಳುಗರ ಮನೆಗೆ ಹೋಗುವುದು ಆಗ ಹೊಸದು. ರಾತ್ರಿಪಾಳಿಯವರು ಕೇಳುತ್ತಿರುವುದೂ ಅಂಥದ್ದನ್ನೇ ಅಲ್ವಾ?

ತಂತಿಕಡ್ಡಿ

ಆ ಮಾತು ಸರಿ. ನಾನು ಹೇಳಿದ್ದು ಹೆಸರಿಗೆ ಜೋತುಬೀಳಬೇಡಿ ಎಂದು ಮಾತ್ರ. ಅದೇ ಅನುಭವ ಬೇರೆ ಹೆಸರುಗಳಲ್ಲೂ ಇದೆ. ಸಿಂಥ್‌ವೇವ್, ಡ್ರೀಮ್ ಪಾಪ್, ಡೌನ್‌ಟೆಂಪೋ, ಬಲಿಯಾರಿಕ್, ವೇಪರ್‌ವೇವ್. ಹಿಂದಕ್ಕೆ ಹೋದರೆ ಬೋರ್ಡ್ಸ್ ಆಫ್ ಕೆನಡಾ ಎಂಬ ತಂಡದ 1998ರ ಆಲ್ಬಂ. ಅವರ ಹಾದಿ ಹಿಡಿದ ಎಷ್ಟೋ ಜನ ಬೆಳಕಿಗೆ ಬರಲೇ ಇಲ್ಲ. ಹುಡುಕುವಾಗ ಪ್ರಕಾರದ ಹೆಸರಿನ ಬದಲು ಟೇಪ್, ಮಬ್ಬು, ಬೇಸಿಗೆ, ನಾಸ್ಟಾಲ್ಜಿಯಾ ಇಂಥ ಮಾತು ಹಾಕಿ ನೋಡಿ.

ಬೇಸ್‌ಮಾತ್ರ

ವೇಪರ್‌ವೇವ್ ಬೇರೆ, ಚಿಲ್‌ವೇವ್ ಬೇರೆ. ಕಲಸಬೇಡಿ.

ಸಿಂಥ್‌ಹುಚ್ಚು

ಪೂರ್ತಿ ಬೇರೆ ಏನಲ್ಲ. ಎರಡರ ಬೇರೂ ಹಳೇ ಹಾಡನ್ನು ನಿಧಾನ ಮಾಡಿ ಕೇಳುವುದರಲ್ಲಿದೆ. ವಾಷ್ಡ್ ಔಟ್‌ನ ಅತಿ ಪ್ರಸಿದ್ಧ ಹಾಡು ಗೊತ್ತಲ್ಲ, ಪೋರ್ಟ್‌ಲ್ಯಾಂಡಿಯಾ ಎಂಬ ಟಿವಿ ಸರಣಿಯ ಶೀರ್ಷಿಕೆ ಹಾಡಾಯಿತಲ್ಲ, ಅದರ ಅಡಿಪಾಯ ಗ್ಯಾರಿ ಲೋ ಅವರ 1983ರ ಒಂದು ಇಟಾಲೋ ಡಿಸ್ಕೋ (ಇಟಲಿಯ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ಹಾಡು. ಅದನ್ನು ನಿಧಾನ ಮಾಡಿ ಮೇಲೆ ದನಿ ಕೂರಿಸಿದ್ದಾರೆ. ವೇಪರ್‌ವೇವ್‌ನವರೂ ಹಾಗೇ ನಿಧಾನ ಮಾಡಿದರು, ಆದರೆ ತುಂಡು ಮಾಡಿ ಮತ್ತೆ ಮತ್ತೆ ಸುತ್ತಿಸಿದರು.

ಇದೇ ನನ್ನ ಹುಡುಕುವ ದಾರಿ ಕೂಡ. ಸ್ಯಾಂಪಲ್, ಅಂದರೆ ಹಳೇ ಹಾಡಿನಿಂದ ತೆಗೆದುಕೊಂಡ ತುಣುಕು, ಎಲ್ಲಿಂದ ಬಂತು ಎಂದು ನೋಡುವುದು. ಹೂಸ್ಯಾಂಪಲ್ಡ್‌ನಲ್ಲಿ ಹಾಡಿನ ಹೆಸರು ಹಾಕಿದರೆ ಮೂಲ ಸಿಗುತ್ತದೆ. ಅದೇ ಮೂಲವನ್ನು ಬೇರೆ ಯಾರ್ಯಾರು ಬಳಸಿದ್ದಾರೆ ಎಂಬುದೂ ಸಿಗುತ್ತದೆ. ಒಂದೇ ಮೂಲ ಹಿಡಿದವರ ರುಚಿ ಎಲ್ಲೋ ಒಂದು ಕಡೆ ಸೇರುತ್ತದೆ. ನಾನು ಇಟಾಲೋ ಡಿಸ್ಕೋಗೆ ಬಂದದ್ದೇ ಹೀಗೆ. ಹುಡುಕಿದ್ದು ಹೊಸಬರನ್ನು, ಸಿಕ್ಕಿದ್ದು ನಲವತ್ತು ವರ್ಷ ಹಳಬರು. ಆದರೆ ನನ್ನ ಪಾಲಿಗೆ ಅವರೇ ಹೊಸಬರು.

ಮಬ್ಬುಗತ್ತಲು

ಯಾರೂ ರೇಡಿಯೋ ಬಗ್ಗೆ ಹೇಳಲಿಲ್ಲ!

ಇಂಟರ್ನೆಟ್ ರೇಡಿಯೋ ಸೋಮಾಎಫ್ಎಂ ಕೇಳಿ. 2000ದಿಂದ ನಡೆಯುತ್ತಿದೆ. ಜಾಹೀರಾತು ಇಲ್ಲ, ಕೇಳುಗರು ಕೊಡುವ ದೇಣಿಗೆಯಿಂದ ನಡೆಯುತ್ತದೆ. ಗ್ರೂವ್ ಸಲಾಡ್ ಚಾನೆಲ್ ಹಾಕಿಟ್ಟರೆ ರಾತ್ರಿ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹಾಡುಗಳನ್ನು ಆರಿಸುವುದು ಮನುಷ್ಯರು. ಈಗ ಏನು ಓಡುತ್ತಿದೆ, ಮುಂಚೆ ಏನು ಓಡಿತು ಎಲ್ಲ ಪುಟದಲ್ಲಿ ಕಾಣುತ್ತದೆ. ಲಂಡನ್ನಿನ ಎನ್‌ಟಿಎಸ್ ಕೂಡ ಹಾಗೇ, 2011ರಿಂದ ಇದೆ. ಅಲ್ಲಿ ಒಬ್ಬೊಬ್ಬ ನಿರೂಪಕರದ್ದೂ ಒಂದೊಂದು ಲೋಕ. ಹಳೇ ಕಾರ್ಯಕ್ರಮಗಳು ಹಾಡುಗಳ ಪಟ್ಟಿ ಸಮೇತ ಉಳಿದಿರುತ್ತವೆ.

ನಾನು ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಕೇಳುವಾಗ ಕೈ ನಿಂತರೆ, ತಲೆ ಎತ್ತಿದರೆ, ಆ ಕ್ಷಣ ಹೆಸರು ಬರೆಯುತ್ತೇನೆ. ವಾರದ ಕೊನೆಗೆ ಏಳೆಂಟು ಹೆಸರು ಆಗಿರುತ್ತವೆ. ಆಮೇಲೆ ನಿಧಾನವಾಗಿ ಹುಡುಕುವುದು.

ರಾತ್ರಿಪಾಳಿ

ನೋಟ್‌ಬುಕ್ ಉಪಾಯ ಇವತ್ತೇ ಶುರು. ರೇಡಿಯೋದಲ್ಲಿ ಒಂದು ಅನುಕೂಲ ಏನೆಂದರೆ ಮುಂದಿನ ಹಾಡಿಗೆ ಹಾರುವ ಹಾಗಿಲ್ಲ. ನಾನು ಆ್ಯಪ್‌ನಲ್ಲಿ ಇಪ್ಪತ್ತು ಸೆಕೆಂಡ್ ಕೇಳಿ ಬಿಟ್ಟುಬಿಡುತ್ತೇನೆ. ಎಷ್ಟು ಒಳ್ಳೆಯದನ್ನು ಹಾಗೆ ಕಳೆದುಕೊಂಡಿದ್ದೇನೋ.

ನೀಲಿಗುಬ್ಬಿ

ಚಿಲ್‌ವೇವ್‌ನಲ್ಲಿ ಇಪ್ಪತ್ತು ಸೆಕೆಂಡ್‌ಗೆ ಏನೂ ಗೊತ್ತಾಗುವುದಿಲ್ಲ. ಮೊದಲ ನಿಮಿಷ ಬರೀ ಮಂಜು.

ಹಿಮ್ಮೇಳ

ನಾನು ಇದೇ ಬಗೆಯ ಸಂಗೀತ ಮಾಡುವವನು. ಇನ್ನೊಂದು ಬದಿಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ಏಳು ವರ್ಷದಲ್ಲಿ ಮೂರು ಆಲ್ಬಂ ಮಾಡಿದ್ದೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು. ಮೊದಲನೆಯದನ್ನು ಒಂದು ಪುಟ್ಟ ಜಾಲತಾಣದಲ್ಲಿ ಹಾಕಿದ್ದೆ. ಅದು ಒಂದು ದಿನ ಹೇಳದೆ ಕೇಳದೆ ಮುಚ್ಚಿಹೋಯಿತು. ನನ್ನ ಹಾರ್ಡ್ ಡಿಸ್ಕ್ ಅಷ್ಟರಲ್ಲಿ ಕೆಟ್ಟಿತ್ತು. ಎಂಟು ಹಾಡಿನಲ್ಲಿ ಐದು ಹೋದವು ಎಂದುಕೊಂಡೆ. ಎರಡು ವರ್ಷ ಆದ ಮೇಲೆ ಗುರುತು ಪರಿಚಯ ಇಲ್ಲದ ಒಬ್ಬರು ಮೇಲ್ ಮಾಡಿದರು. ಅವರು ಆ ಆಲ್ಬಂ ಇಳಿಸಿಕೊಂಡಿದ್ದರಂತೆ. ಎಂಟೂ ಹಾಡು ಕಳಿಸಿಕೊಟ್ಟರು. ಆ ಮೇಲ್ ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ಹಿಡಿಸಿದರೆ ಇಳಿಸಿಟ್ಟುಕೊಳ್ಳಿ. ಸಾಧ್ಯವಾದರೆ ಕೊಂಡುಕೊಳ್ಳಿ. ಎರಡೂ ಆಗದಿದ್ದರೆ ಒಂದು ಸಾಲು ಬರೆಯಿರಿ. ನಮ್ಮಂಥವರಿಗೆ ಒಂದು ಸಾಲು ಆರು ತಿಂಗಳಿಗೆ ಸಾಕಾಗುತ್ತದೆ.

ಹಳೇಕ್ಯಾಸೆಟ್

ಹಿಮ್ಮೇಳ ಅವರೇ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಇಳಿಸಿಟ್ಟುಕೊಳ್ಳಿ ಎಂಬುದನ್ನು ಎಲ್ಲರೂ ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಕಥೆ ಗೊತ್ತಲ್ಲ. 2003ರಿಂದ 2015ರವರೆಗೆ ಜನ ಹಾಕಿದ್ದ ಸಂಗೀತವೆಲ್ಲ ಸರ್ವರ್ ಬದಲಿಸುವಾಗ ಹೋಯಿತು ಎಂದು 2019ರಲ್ಲಿ ಅವರೇ ಒಪ್ಪಿಕೊಂಡರು. 5 ಕೋಟಿಗೂ ಹೆಚ್ಚು ಹಾಡುಗಳು ಎಂಬ ಅಂದಾಜು. ಆಮೇಲೆ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಸುಮಾರು 4,90,000 ಹಾಡು ವಾಪಸ್ ಬಂದವು. ಸಂಶೋಧನೆಗೆ ಎಂದು ಯಾರೋ ಮೊದಲೇ ಇಳಿಸಿಟ್ಟುಕೊಂಡಿದ್ದರು, ಅಷ್ಟೇ ಉಳಿದದ್ದು. ನೂರಕ್ಕೆ ಒಂದೂ ಇಲ್ಲ.

ಅದರಲ್ಲಿ ಮನೆಯಲ್ಲಿ ಕೂತು ಮಾಡಿದವರ ಹಾಡು ಎಷ್ಟಿತ್ತೋ.

ಮಬ್ಬುಗತ್ತಲು

ಇದನ್ನು ಓದಿ ನನ್ನ ಸಂಗ್ರಹ ಪೂರ್ತಿ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಲು ಹಾಕಿ ಬಂದೆ.

ಬೇಸ್‌ಮಾತ್ರ

ಕೊಳ್ಳುವ ವಿಷಯಕ್ಕೆ ಒಂದು ಲೆಕ್ಕ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ 15% ತೆಗೆದುಕೊಳ್ಳುತ್ತದೆ, ಮಾರಾಟ ಬೆಳೆದರೆ 10%. ಪಾವತಿ ಶುಲ್ಕ ಬೇರೆ. ಉಳಿದದ್ದು ಕಲಾವಿದರಿಗೆ. 2020ರ ಮಾರ್ಚ್ 20ರಂದು ಒಂದು ದಿನ ತಮ್ಮ ಪಾಲನ್ನೂ ಬಿಟ್ಟುಕೊಟ್ಟರು. ಅದು ಬ್ಯಾಂಡ್‌ಕ್ಯಾಂಪ್ ಫ್ರೈಡೇ ಆಗಿ ಮುಂದುವರಿಯಿತು. ಕೊಳ್ಳಬೇಕು ಅಂದುಕೊಂಡವರು ಆ ಶುಕ್ರವಾರ ನೋಡಿ ಕೊಂಡರೆ ಕಲಾವಿದರಿಗೆ ಇನ್ನಷ್ಟು ಜಾಸ್ತಿ ಹೋಗುತ್ತದೆ.

ಇನ್ನೊಂದು ಬದಿ ನೋಡಿ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಓಡಿರಬೇಕು. ಇಲ್ಲದಿದ್ದರೆ ರಾಯಧನದ ಲೆಕ್ಕಕ್ಕೇ ಬರುವುದಿಲ್ಲ. ನಾವಿಲ್ಲಿ ಮಾತಾಡುತ್ತಿರುವ ಕಲಾವಿದರಲ್ಲಿ ತುಂಬ ಜನ ಆ ಗೆರೆಯ ಕೆಳಗೇ ಇದ್ದಾರೆ.

ಸಿಂಥ್‌ಹುಚ್ಚು

ಬ್ಯಾಂಡ್‌ಕ್ಯಾಂಪ್ ಅನ್ನೇ ದೇವರು ಮಾಡಬೇಡಿ. 2022ರಲ್ಲಿ ಎಪಿಕ್ ಗೇಮ್ಸ್ ಕೊಂಡಿತು. 2023ರಲ್ಲಿ ಸಾಂಗ್‌ಟ್ರೇಡರ್ ಕೈಗೆ ಹೋಯಿತು. ಆಗ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ನಾಳೆ ಏನಾಗುತ್ತದೋ ಯಾರಿಗೆ ಗೊತ್ತು.

ಬೇಸ್‌ಮಾತ್ರ

ದೇವರು ಅಂದವರು ಯಾರು? ಇರುವುದರಲ್ಲಿ ಇದು ಮೇಲು ಅಂದೆ. ಇನ್ನೂ ಒಳ್ಳೆಯದು ಗೊತ್ತಿದ್ದರೆ ಹೇಳಿ, ನಾನೂ ಅಲ್ಲಿಗೇ ಬರುತ್ತೇನೆ.

ಸಿಂಥ್‌ಹುಚ್ಚು

ಕಲಾವಿದರ ಸ್ವಂತ ಪುಟ ಇದ್ದರೆ ಅಲ್ಲಿಂದ ನೇರ ಕೊಳ್ಳುವುದು. ಇಲ್ಲದಿದ್ದರೆ ನೀವು ಹೇಳಿದ್ದೇ ಸರಿ. ಉಚಿತವಾಗಿ ಹಂಚುವವರ ದಾರಿಯೂ ಇದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ನೆಟ್‌ಲೇಬಲ್‌ಗಳ, ಅಂದರೆ ಜಾಲದಲ್ಲೇ ಹಾಡು ಹೊರತರುವ ಲೇಬಲ್‌ಗಳ, ದೊಡ್ಡ ವಿಭಾಗವೇ ಇದೆ. ಉಚಿತವಾಗಿ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಾವಿರಾರು ಆಲ್ಬಂ. ಡೌನ್‌ಟೆಂಪೋ, ಆ್ಯಂಬಿಯಂಟ್ (ಹಿನ್ನೆಲೆಯಲ್ಲಿ ಹಗುರವಾಗಿ ಹರಿಯುವ ಸಂಗೀತ) ತುಂಬ ಇವೆ. ಕವರ್ ಚಿತ್ರ ನೋಡಿ ಅಂದಾಜು ಮಾಡಬೇಡಿ, ಕೇಳಿ ನೋಡಿ.

ತಂತಿಕಡ್ಡಿ

ಆ್ಯಪ್‌ನಲ್ಲಿ ತಾನಾಗಿ ಹಾಡು ಆರಿಸಿ ಕೊಡುವ ಅಲ್ಗಾರಿದಂ ಬಗ್ಗೆ ಇಲ್ಲಿ ಎಲ್ಲರಿಗೂ ಸಿಟ್ಟು. ನಾನು ಅದರ ಪರವಾಗಿ ಮಾತಾಡಬೇಕು.

ಹಿರೋಶಿ ಯೋಶಿಮುರಾ ಹೆಸರು ಕೇಳಿದ್ದೀರಾ? ಜಪಾನಿನ ಆ್ಯಂಬಿಯಂಟ್ ಕಲಾವಿದರು. ಮೊದಲ ಆಲ್ಬಂ 1982ರಲ್ಲಿ ಬಂತು. 2003ರಲ್ಲಿ ತೀರಿಕೊಂಡರು. ಜಪಾನಿನ ಹೊರಗೆ ಅವರನ್ನು ಬಲ್ಲವರು ಬೆರಳೆಣಿಕೆ. ಆಮೇಲೆ ಯೂಟ್ಯೂಬ್ ಅವರ ಆಲ್ಬಂಗಳನ್ನು ಕೇಳುಗರ ಮುಂದೆ ಒಂದೇ ಸಮನೆ ಇಡತೊಡಗಿತು. ಹುಡುಕುವ ಬಳ್ಳಿ ಕಾಲಿಗೆ ತೊಡರಿದ ಹಾಗೆ ಲಕ್ಷಾಂತರ ಜನಕ್ಕೆ ಅವರು ಸಿಕ್ಕಿದರು. 2017ರಲ್ಲಿ ಆ ಮೊದಲ ಆಲ್ಬಂ ಮತ್ತೆ ಅಚ್ಚಾಗಿ ಬಂತು. ಆ ಕೆಲಸಕ್ಕೆ ಅಲ್ಗಾರಿದಂ ಕೂಡ ಕಾರಣ. ನನಗೂ ಅವರು ಸಿಕ್ಕಿದ್ದು ಹಾಗೇ. ಯಾವ ಲೇಬಲ್ಲೂ ಅಲ್ಲ, ಯಾವ ರೇಡಿಯೋವೂ ಅಲ್ಲ.

ಮೂರನೇಸಾಲು

ಒಳ್ಳೇ ಉದಾಹರಣೆ. ಆದರೆ ಒಂದು ಪ್ರಶ್ನೆ. ಆ ಆಲ್ಬಂಗಳನ್ನು ಯೂಟ್ಯೂಬ್‌ಗೆ ಹಾಕಿದವರು ಯಾರು? ಯಾರೋ ಒಬ್ಬರು ಹಳೇ ರೆಕಾರ್ಡ್ ಹುಡುಕಿ, ಕೊಂಡು, ಕಂಪ್ಯೂಟರ್‌ಗೆ ಇಳಿಸಿ, ಕವರ್ ಚಿತ್ರ ಸೇರಿಸಿ ಹಾಕಿದ್ದಾರೆ. ಅವರು ಹಾಕದಿದ್ದರೆ ಅಲ್ಗಾರಿದಂ ಏನನ್ನು ಮುಂದೆ ಇಡುತ್ತಿತ್ತು?

ತಂತಿಕಡ್ಡಿ

ನಿಜ. ಆದರೆ ಅವರೊಬ್ಬರೇ ಲಕ್ಷ ಜನಕ್ಕೆ ಮುಟ್ಟಿಸಲು ಆಗುತ್ತಿರಲಿಲ್ಲ. ಎರಡೂ ಬೇಕು ಅನ್ನುತ್ತಿದ್ದೇನೆ.

ಮೂರನೇಸಾಲು

ಅಷ್ಟಾದರೆ ನಮ್ಮಿಬ್ಬರದ್ದೂ ಒಂದೇ ಮಾತು. ಆ ಹಾಕಿದವರ ಚಾನೆಲ್ ತೆರೆದು ಉಳಿದದ್ದೂ ಕೇಳಿ ಎಂದು ಸೇರಿಸುತ್ತೇನೆ. ಒಂದು ಹಾಡು ಅಲ್ಗಾರಿದಂ ಕೊಟ್ಟಿರಬಹುದು, ಅದರ ಹಿಂದಿರುವ ವ್ಯಕ್ತಿಯ ಹತ್ತಿರ ಇನ್ನೂ ಇನ್ನೂರು ಇರುತ್ತವೆ.

ನೀಲಿಗುಬ್ಬಿ

ಈಗ ಇನ್ನೊಂದು ತಲೆನೋವು ಇದೆ. ಎಐ ಹಾಡುಗಳು. ಹಾಡು ಕೇಳಿಸುವ ತಾಣ ಡೀಜರ್ 2025ರ ಏಪ್ರಿಲ್‌ನಲ್ಲಿ ಹೇಳಿದ ಪ್ರಕಾರ ಅವರಲ್ಲಿಗೆ ದಿನಕ್ಕೆ 20,000ಕ್ಕೂ ಹೆಚ್ಚು ಹಾಡು ಪೂರ್ತಿ ಎಐನಿಂದ ಆದವೇ ಬರುತ್ತಿದ್ದವು. ಒಟ್ಟು ಬರುವುದರಲ್ಲಿ 18%. ನಮ್ಮ ಬಗೆಯ ಸಂಗೀತಕ್ಕೆ ಇದರ ಕಾಟ ಜಾಸ್ತಿ ಅನಿಸುತ್ತದೆ ನನಗೆ. ದನಿ ಮಬ್ಬಾಗಿರುತ್ತದೆ, ಮಾತು ಸ್ಪಷ್ಟ ಇರುವುದಿಲ್ಲ, ನಕಲು ಸುಲಭ.

ನಾನು ಈಗ ಮೊದಲು ನೋಡುವುದು ಕಲಾವಿದರ ಹಳೇ ಕೆಲಸ. ಒಂದೇ ತಿಂಗಳಲ್ಲಿ ಹನ್ನೆರಡು ಆಲ್ಬಂ ಬಂದಿದ್ದರೆ ಮುಂದಕ್ಕೆ ಹೋಗುತ್ತೇನೆ. ನಾಲ್ಕು ವರ್ಷದ ಹಿಂದಿನ ಅರೆಬೆಂದ ಮೊದಲ ಹಾಡು ಸಿಕ್ಕರೆ ನಂಬಿಕೆ ಬರುತ್ತದೆ. ಯಾರು ಮಾಸ್ಟರಿಂಗ್ (ಸದ್ದನ್ನು ಕೊನೆಯಲ್ಲಿ ಹದ ಮಾಡುವ ಕೆಲಸ) ಮಾಡಿದರು, ಯಾರು ಚಿತ್ರ ಬರೆದರು ಎಂದು ಹೆಸರು ಹಾಕಿದ್ದರೆ ಇನ್ನೂ ಒಳ್ಳೆಯದು.

ಹಿಮ್ಮೇಳ

ಆ ಹೆಸರುಗಳೂ ಒಂದು ದಾರಿಯೇ. ನನ್ನ ಎರಡನೇ ಆಲ್ಬಂ ಮಾಸ್ಟರಿಂಗ್ ಮಾಡಿದವರು ವರ್ಷಕ್ಕೆ ಇಂಥ ಮೂವತ್ತು ಆಲ್ಬಂ ಮಾಡುತ್ತಾರೆ. ಅವರ ಪುಟದಲ್ಲಿ ಪಟ್ಟಿ ಇದೆ. ಹೆಚ್ಚಿನವರ ಹೆಸರು ನೀವ್ಯಾರೂ ಕೇಳಿರುವುದಿಲ್ಲ. ನಾನೂ ಕೇಳಿರಲಿಲ್ಲ.

ಮಬ್ಬುಗತ್ತಲು

ವಿಷಯ ಸ್ವಲ್ಪ ಬದಲಿಸುತ್ತೇನೆ, ಕ್ಷಮಿಸಿ. ಹಿಮ್ಮೇಳ ಅವರೇ, ಈ ಸಂಗೀತದಲ್ಲಿ ಇಡೀ ಹಾಡು ಉಸಿರಾಡುವ ಹಾಗೆ ಮೇಲೆ ಕೆಳಗೆ ಆಗುತ್ತದಲ್ಲ, ಅದು ಹೇಗೆ ಮಾಡುತ್ತೀರಿ?

ಹಿಮ್ಮೇಳ

ಅದು ಸೈಡ್‌ಚೈನ್ ಕಂಪ್ರೆಷನ್. ಡ್ರಮ್‌ನ ಕಿಕ್ ಬಿದ್ದಾಗಲೆಲ್ಲ ಸಿಂಥ್‌ನ ಸದ್ದು ತಾನಾಗಿ ಕುಗ್ಗುವಂತೆ ಕಟ್ಟಿರುತ್ತೇವೆ. ಕಿಕ್ ಮುಗಿದ ಕೂಡಲೇ ಸಿಂಥ್ ಮತ್ತೆ ಮೇಲೆ ಏಳುತ್ತದೆ. ಅದು ಎಷ್ಟು ಬೇಗ ಏಳಬೇಕು ಎಂಬುದರಲ್ಲೇ ಹಾಡಿನ ಜೀವ ಇರುವುದು. ಬೇಗ ಎದ್ದರೆ ಕುಣಿತ, ನಿಧಾನ ಎದ್ದರೆ ಉಸಿರು.

ಟೇಪ್ ತೇಲಾಟಕ್ಕೆ ನಾನು ನಿಜವಾದ ಕ್ಯಾಸೆಟ್ ಡೆಕ್ ಬಳಸುತ್ತೇನೆ. ಕ್ಯಾಸೆಟ್ ಓಡುವ ವೇಗ ಸೆಕೆಂಡಿಗೆ 4.76 ಸೆಂ.ಮೀ. ಅಷ್ಟು ನಿಧಾನ ಓಡುವಾಗ ಮೋಟಾರ್ ಒಂಚೂರು ಏರುಪೇರಾದರೂ ಶ್ರುತಿ ಅಲುಗುತ್ತದೆ. ನಿಧಾನದ ಅಲುಗಾಟಕ್ಕೆ ವಾವ್ ಅನ್ನುತ್ತಾರೆ, ಬೇಗದ್ದಕ್ಕೆ ಫ್ಲಟರ್. ತಂತ್ರಾಂಶದಲ್ಲೂ ಮಾಡಬಹುದು. ಆದರೆ ನನ್ನ ಡೆಕ್ ಅಲುಗುವ ರೀತಿ ನನಗೆ ಅಭ್ಯಾಸವಾಗಿಬಿಟ್ಟಿದೆ.

ಸಿಂಥ್‌ಹುಚ್ಚು

ಸಿಂಥ್ ಯಾವುದು? ಜೂನೋ 60 ಇದೆಯಾ?

ಹಿಮ್ಮೇಳ

ಇಲ್ಲ. ಅದರ ತಂತ್ರಾಂಶ ರೂಪ ಬಳಸುತ್ತೇನೆ. 1982ರ ಯಂತ್ರ, ಒಂದು ಸಲಕ್ಕೆ ಆರೇ ಸ್ವರ, ಆದರೆ ಅದರ ಕೋರಸ್ ಗುಂಡಿ ಒತ್ತಿದರೆ ಒಂದು ಸ್ವರ ಕೂಡ ಕೋಣೆ ತುಂಬುತ್ತದೆ. ಒಂದು ದಿನ ನಿಜವಾದದ್ದನ್ನು ನುಡಿಸಬೇಕು ಎಂಬ ಆಸೆ ಇದೆ.

ಬೇಸ್‌ಮಾತ್ರ

ಮೂಲ ವಿಷಯಕ್ಕೆ ಬನ್ನಿ. ಹೀಗೆ ಹುಡುಕಿದ್ದನ್ನು ಎಲ್ಲರಿಗೂ ಹೇಳುತ್ತೀರಾ, ಅಥವಾ ನಿಮ್ಮಲ್ಲೇ ಇಟ್ಟುಕೊಳ್ಳುತ್ತೀರಾ? ನಾನಂತೂ ಕೆಲವನ್ನು ಹೇಳುವುದಿಲ್ಲ. ಹನ್ನೊಂದು ಜನ ಕೇಳಿದ ಹಾಡು ನನ್ನದು ಅನಿಸುತ್ತದೆ. ಹನ್ನೊಂದು ಸಾವಿರ ಜನಕ್ಕೆ ಹೋದರೆ ಆ ಭಾವನೆ ಇರುವುದಿಲ್ಲ.

ಮಬ್ಬುಗತ್ತಲು

ಇದನ್ನು ನಾನು ಒಪ್ಪುವುದಿಲ್ಲ. ನಿಮಗೆ ಅದು ಸಿಕ್ಕಿದ್ದೇ ಯಾರೋ ಬಚ್ಚಿಡದೆ ಇದ್ದದ್ದರಿಂದ. ಹಿಮ್ಮೇಳ ಅವರು ಬರೆದದ್ದು ಮೇಲೆ ಇದೆ, ಇನ್ನೊಮ್ಮೆ ಓದಿ.

ಬೇಸ್‌ಮಾತ್ರ

ಓದಿದ್ದೇನೆ. ಹಣ ಕೊಟ್ಟು ಕೊಳ್ಳುತ್ತೇನೆ, ಮೆಚ್ಚುಗೆ ಬರೆಯುತ್ತೇನೆ. ಊರಿಗೆಲ್ಲ ಸಾರುವುದು ಮಾತ್ರ ಇಷ್ಟವಿಲ್ಲ.

ನೀಲಿಗುಬ್ಬಿ

ಕಲಾವಿದರಿಗೆ ಏನು ಬೇಕು ಎಂದು ಅವರನ್ನೇ ಕೇಳಬಹುದಲ್ಲ. ಕೆಲವರಿಗೆ ಸಣ್ಣದಾಗಿ ಇರುವುದೇ ಇಷ್ಟ. ಕೆಲವರು ಯಾರಾದರೂ ಹೇಳಲಿ ಎಂದು ಕಾಯುತ್ತಾರೆ. ನಾವು ಊಹೆ ಮಾಡುವುದು ಯಾಕೆ?

ಹಿಮ್ಮೇಳ

ನನ್ನದನ್ನು ದಯವಿಟ್ಟು ಎಲ್ಲರಿಗೂ ಹೇಳಿ.

ಬೇಸ್‌ಮಾತ್ರ

ಸರಿ. ನಿಮ್ಮದನ್ನು ಇವತ್ತೇ ನಾಲ್ಕು ಜನಕ್ಕೆ ಕಳಿಸುತ್ತೇನೆ. ಮಾತು ಕೊಟ್ಟೆ.

ರಾತ್ರಿಪಾಳಿ

ಮೂರು ವಾರ ಆಯಿತು, ವಾಪಸ್ ಬಂದಿದ್ದೇನೆ. ನೀವೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡಿ ನೋಡಿದೆ.

ರೇಡಿಯೋ ನನಗೆ ಚೆನ್ನಾಗಿ ಹೊಂದಿತು. ನೋಟ್‌ಬುಕ್‌ನಲ್ಲಿ ಮೂವತ್ತೊಂದು ಹೆಸರು ಆಗಿವೆ. ಲೇಬಲ್ ದಾರಿಯಲ್ಲಿ ಕ್ಯಾಸಿನೋ ವರ್ಸಸ್ ಜಪಾನ್ ತನಕ ಹೋಗಿ ಅಲ್ಲೇ ನಾಲ್ಕು ದಿನ ಕೂತುಬಿಟ್ಟೆ. ಮೂರನೇಸಾಲು ಅವರು ಹೇಳಿದ ಮಧ್ಯಾಹ್ನದ ಬೆಳಕು ಏನೆಂದು ಗೊತ್ತಾಯಿತು.

ಆದರೆ ದೊಡ್ಡದು ಸಿಕ್ಕಿದ್ದು ಹಳೇಕ್ಯಾಸೆಟ್ ಅವರ ದಾರಿಯಲ್ಲಿ. ನನಗೆ ಹಿಡಿಸಿದ ಮೂರು ಆಲ್ಬಂನಲ್ಲಿ ಎರಡನ್ನು ಒಬ್ಬರೇ ಕೊಂಡಿದ್ದರು. ಅವರ ಸಂಗ್ರಹದ ತಳದಲ್ಲಿ ಒಂದು ಆಲ್ಬಂ ಇತ್ತು. ಕೊಂಡವರು ಒಟ್ಟು ಒಂಬತ್ತು ಜನ. ಆರು ಹಾಡು, ಇಪ್ಪತ್ತೆರಡು ನಿಮಿಷ. ಮೊದಲ ಹಾಡು ಅಷ್ಟೇನೂ ಹಿಡಿಸಲಿಲ್ಲ. ನೀಲಿಗುಬ್ಬಿಯವರ ಮಾತು ನೆನಪಾಗಿ ಬಿಡದೆ ಕೇಳಿದೆ. ಎರಡನೆಯದು ಶುರುವಾದಾಗ ಕೈಯಲ್ಲಿದ್ದ ಕೆಲಸ ನಿಂತಿತು. ಅವತ್ತು ರಾತ್ರಿ ಅದನ್ನೇ ಎಷ್ಟು ಸಲ ಕೇಳಿದೆನೋ ಲೆಕ್ಕ ಇಡಲಿಲ್ಲ.

ಹತ್ತನೆಯವರಾಗಿ ನಾನು ಕೊಂಡೆ. ಇಳಿಸಿ ಎರಡು ಕಡೆ ಇಟ್ಟೆ. ಒಂದು ಸಾಲು ಬರೆಯಲು ಹೋಗಿ ಒಂದು ಪುಟ ಆಯಿತು. ನಾಲ್ಕನೇ ಹಾಡಿನ ಹಿಂದೆ ಇರುವ ಆ ಸಿಂಥ್ ಯಾವುದು ಎಂದೂ ಕೇಳಿದೆ. ಮೂರು ದಿನಕ್ಕೆ ಉತ್ತರ ಬಂತು. ಅದು ಸಿಂಥ್ ಅಲ್ಲವಂತೆ. ಮಳೆ ಬರುವಾಗ ಕಿಟಕಿ ಪಕ್ಕ ಫೋನ್ ಇಟ್ಟು ರೆಕಾರ್ಡ್ ಮಾಡಿ, ಅದನ್ನು ತುಂಬ ನಿಧಾನ ಮಾಡಿದ್ದಂತೆ.

ಮಬ್ಬುಗತ್ತಲು

ಅಯ್ಯೋ, ಎಷ್ಟು ಚೆನ್ನಾಗಿದೆ ಇದು.

ಹಳೇಕ್ಯಾಸೆಟ್

ತುಂಬ ಖುಷಿಯಾಯಿತು ರಾತ್ರಿಪಾಳಿಯವರೇ. ಆ ಎರಡು ಆಲ್ಬಂ ಕೊಂಡವರನ್ನು ಹಿಂಬಾಲಿಸುವುದು ಮರೆಯಬೇಡಿ.

ಬೇಸ್‌ಮಾತ್ರ

ಕೊಂಡಿ ಎಲ್ಲಿ? ನಾನು ಕೇಳಬೇಕು.

ರಾತ್ರಿಪಾಳಿ

ಹಾಕುವ ಮುಂಚೆ ಅವರನ್ನೇ ಕೇಳಿದೆ. ಹಾಕಿ ಎಂದರು. ಮೇಲಿನ ಪೋಸ್ಟ್‌ಗೆ ಸೇರಿಸಿದ್ದೇನೆ. ಎರಡನೇ ಹಾಡಿನಿಂದ ಶುರು ಮಾಡಿ.